ರಾಶಿಗೆ ಸೇರದ ಹಂದಿ

ಸ್ಕೊಲಾಸ್ತಿಕಾ ಕಾವುಪಾ ಎಂಬ ಹೆಂಗಸಿನ ಬಗ್ಗೆ ನಮ್ಮ ಕುನಾಯ್ ಗುಡ್ಡದಲ್ಲಿ ಎರಡು ಮಾತಿದೆ. ಹೆತ್ತ ಮಗನನ್ನೇ ಹಿಡಿದುಕೊಟ್ಟ ಕಲ್ಲೆದೆಯವಳು ಎನ್ನುವವರು ಕೆಲವರು. ಅವಳಿಲ್ಲದಿದ್ದರೆ ಇಷ್ಟು ಹೊತ್ತಿಗೆ ಈ ಗುಡ್ಡದಲ್ಲಿ ಹೆಣ ಬಿದ್ದಿರುತ್ತಿತ್ತು ಎನ್ನುವವರು ಇನ್ನು ಕೆಲವರು. ಎರಡೂ ಕಡೆಯವರು ನನ್ನ ಬಸ್ಸಿನಲ್ಲೇ ಕೂತು ಕಚ್ಚಾಡುತ್ತಾರೆ, ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿದೆ. ನಾನು ಕುವಾ, ನಮ್ಮ ದೇಶದ ರಾಜಧಾನಿ ಪೋರ್ಟ್ ಮೋರೆಸ್ಬಿಯ ರಸ್ತೆಗಳಲ್ಲಿ ಬಸ್ಸು ಓಡಿಸಿಯೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಅವಳ ಪಕ್ಕದ ತಗಡಿನ ಮನೆ ನನ್ನದು. ನಡುವೆ ಇದ್ದದ್ದು ಒಂದು ಬಾಳೆಯ ಹಿಂಡು, ಅದರ ಬುಡದಲ್ಲಿ ಅವಳ ಹಂದಿಯ ಗೂಡು. ಆ ಗೂಡಿನ ನಾತಕ್ಕೆ ನಾವಿಬ್ಬರೂ ಜಗಳವಾಡದ ವಾರವಿಲ್ಲ. ಹಾಗಾಗಿ ನಾನು ಅವಳ ಕಡೆಯವನೆಂದು ಯಾರೂ ತಿಳಿಯಬೇಡಿ.

ಸಿಂಬು ಬೆಟ್ಟಗಳಿಂದ ಮೋರೆಸ್ಬಿಗೆ ರಸ್ತೆಯಿಲ್ಲ, ವಿಮಾನವೇ ಗತಿ. ಮದುವೆಯಾದ ಹೊಸದರಲ್ಲಿ ಅವಳು ಹಾಗೆ ಬಂದಿಳಿದವಳು. ಗಂಡ ಇಗ್ನಾಸ್ ದೊಡ್ಡವರ ಗೇಟು ಕಾಯುವ ಕೆಲಸದಲ್ಲಿದ್ದ. ಹಗಲು ಒಂದು ಗೇಟು, ರಾತ್ರಿ ಇನ್ನೊಂದು. ನಿಂತು ನಿಂತೇ ಕ್ಷಯ ಹತ್ತಿಸಿಕೊಂಡು ತೀರಿಹೋದ. ಆಗ ಮಗ ಕಾಸ್ಪರ್ ಇನ್ನೂ ಚಿಕ್ಕವನು. ಅವಳು ಗುಡ್ಡದ ಬುಡದಲ್ಲಿ, ಸೀತೋ ಅಂಗಡಿಯ ಎದುರಿಗೆ, ಒಂದು ಮರದ ಪೆಟ್ಟಿಗೆ ಬೋರಲು ಹಾಕಿ ಅಡಿಕೆ, ಸುಣ್ಣ, ಎಲೆಯ ಬದಲು ನಾವು ಜಗಿಯುವ ಖಾರದ ಕೋಡು ಮಾರಲು ಕೂತಳು. ಕೈ ಬಿಡುವಾದಾಗ ದಾರದಿಂದ ಚೀಲ ಹೆಣೆಯುತ್ತಿದ್ದಳು. ಕೈ ಹೆಣೆಯುತ್ತಿರುವಾಗ ಬಾಯಿ ಸುಮ್ಮನಿರುತ್ತಿರಲಿಲ್ಲ. "ಇಲ್ಲಿ ಉಗೀಬೇಡ್ರೋ, ಇದೇನ್ ನಿಮ್ಮ ಮಾವನ ಮನೆ ಅಂಗಳಾನಾ?" ಎಂದು ಅವಳು ಕೂಗಿದರೆ ಬಸ್ಸಿನೊಳಗೆ ಕೂತವನೂ ಉಗುಳು ನುಂಗಿಕೊಳ್ಳಬೇಕು.

ಸೀತೋ ಮುದುಕ ಚೀನಾದವನೆಂದು ಹೆಸರಿಗೆ ಮಾತ್ರ. ಹುಟ್ಟಿ ಬೆಳೆದದ್ದು ನಮ್ಮದೇ ದೇಶದ ರಬಾವುಲ್‌ನಲ್ಲಿ, ನಮ್ಮ ಮಾತನ್ನು ನಮಗಿಂತ ಚೆನ್ನಾಗಿ ಆಡುತ್ತಿದ್ದ, ಬೈಗುಳವನ್ನಂತೂ ಇನ್ನೂ ಚೆನ್ನಾಗಿ. ಆದರೆ ಅವನ ಅಂಗಡಿಯೊಳಗೆ ಗುಡ್ಡದವರು ಯಾರೂ ಕಾಲಿಟ್ಟಿರಲಿಲ್ಲ. ಮುಂದುಗಡೆ ದಪ್ಪ ಕಬ್ಬಿಣದ ಜಾಲರಿ, ಅದರಲ್ಲಿ ಕೈ ತೂರುವಷ್ಟು ಕಿಂಡಿ. ದುಡ್ಡು ಒಳಗೆ, ಮೀನಿನ ಡಬ್ಬಿ ಹೊರಗೆ. ಹಬ್ಬದ ದಿನವೂ ಅಷ್ಟೇ, ಹೆಣ ಹೊತ್ತ ದಿನವೂ ಅಷ್ಟೇ. ಪಕ್ಕದ ಕಬ್ಬಿಣದ ಬಾಗಿಲಲ್ಲಿ ಕಾವಲಿಗೆ ಕರಾವಳಿಯ ಕೆರೆಮಾ ಕಡೆಯ ಸೆವೆಸೆ ನಿಂತಿರುತ್ತಿದ್ದ, ಸಾಧು ಮನುಷ್ಯ. ಸ್ಕೊಲಾ ಅವನಿಗೆ ದಿನಾ ಬೆಳಗ್ಗೆ ಬೇಯಿಸಿದ ಗೆಣಸು ಕೊಡುತ್ತಿದ್ದಳು. ಯಾಕೆಂದು ಕೇಳಿದರೆ, "ಗೇಟು ಕಾಯೋರ ಹೊಟ್ಟೆ ಹೆಂಗಿರುತ್ತೆ ಅಂತ ನಂಗೊತ್ತು ಅಣ್ಣ" ಎನ್ನುತ್ತಿದ್ದಳು.

ಕಾಸ್ಪರ್ ಹನ್ನೆರಡನೆಯ ತರಗತಿ ಪಾಸು ಮಾಡಿದ. ನಮ್ಮ ಸಾಲಿನಲ್ಲಿ ಅವನೇ ಮೊದಲಿಗ, ನಾವು ಕೋಳಿ ಕೊಯ್ದು ಊಟ ಹಾಕಿದೆವು. ಆಮೇಲೆ ಶುರುವಾಯಿತು ಕೆಲಸದ ಪಾಡು. ಒಂದು ಕಚೇರಿಯಲ್ಲಿ ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟನಂತೆ. ಕೊನೆಗೆ ಮನೆ ಎಲ್ಲಿ ಎಂದು ಕೇಳಿದರು. ಕುನಾಯ್ ಗುಡ್ಡ ಎಂದ ಕೂಡಲೇ ಎದುರು ಕೂತವಳು ಪೆನ್ನು ಕೆಳಗಿಟ್ಟಳಂತೆ. ಇನ್ನೊಂದು ಕಡೆ ಸುಳ್ಳು ವಿಳಾಸ ಹೇಳಿ ಸಿಕ್ಕಿಬಿದ್ದ. ಹೀಗೆ ನಾಲ್ಕಾರು ವರ್ಷ ಕಳೆಯಿತು. ಹುಡುಗ ಮಾತು ಕಡಿಮೆ ಮಾಡಿದ, ಜಾಲರಿಯ ಮುಂದೆ ಜೊತೆಗಾರರ ಸಂಗಡ ಸುಮ್ಮನೆ ಕೂರುವುದು ಹೆಚ್ಚು ಮಾಡಿದ. ಸೀತೋ ಒಳಗಿನಿಂದ, "ಏ ದಂಡಪಿಂಡಗಳಾ, ಗಿರಾಕಿಗೆ ದಾರಿ ಬಿಡ್ರೋ" ಎಂದು ಗದರುತ್ತಿದ್ದ. ಅದನ್ನು ಕೇಳಿ ನನ್ನ ಮೈಯೇ ಉರಿಯುತ್ತಿತ್ತು, ಆ ಹುಡುಗನದು ಹೇಗೆ ಉರಿದಿರಬೇಕು!

ಆ ಜನವರಿಯ ಬುಧವಾರ ಬಂತು. ಸಂಬಳದಲ್ಲಿ ಕಡಿತವಾಗಿದೆ ಎಂದು ಪೊಲೀಸರು ಕೆಲಸ ಬಿಟ್ಟು ಪ್ರತಿಭಟನೆಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಪೇಟೆಗೆ ಪೇಟೆಯೇ ಬಾಯಿ ತೆರೆದುಕೊಂಡಿತ್ತು. ಒಂದು ಕಡೆ ಹೊಗೆ, ಇನ್ನೊಂದು ಕಡೆ ತಲೆಯ ಮೇಲೆ ಅಕ್ಕಿ ಮೂಟೆ ಹೊತ್ತ ಹೆಂಗಸರು. ಭಾನುವಾರ ತಪ್ಪದೆ ಚರ್ಚಿನ ಪೂಜೆಗೆ ಬರುವವನೊಬ್ಬ ದೊಡ್ಡ ಟೀವಿಯನ್ನು ಮಗುವಿನಂತೆ ಎದೆಗೆ ಅಪ್ಪಿಕೊಂಡು ಓಡುತ್ತಿದ್ದ. ಬೆಂಕಿ ಬಿದ್ದ ಮನೆಯಲ್ಲಿ ಗಳ ಹಿರಿಯುವುದು ಎಂದರೆ ಏನೆಂದು ಆ ದಿನ ಕಣ್ಣಾರೆ ಕಂಡೆ. ಬಸ್ಸಿನ ಗಾಜು ಉಳಿದರೆ ಸಾಕೆಂದು ನಾನು ಗುಡ್ಡದ ಕಡೆ ತಿರುಗಿಸಿದೆ.

ನಾನು ಬರುವ ಹೊತ್ತಿಗೆ ಸೀತೋ ಅಂಗಡಿಯ ಜಾಲರಿ ನೆಲದ ಮೇಲಿತ್ತು. ಸೀತೋ ಹಿಂಬಾಗಿಲಿಂದ ಜೀವ ಉಳಿಸಿಕೊಂಡಿದ್ದ. ಸೆವೆಸೆ ಮಾತ್ರ ಕಬ್ಬಿಣದ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತು, "ಬೇಡ್ರಪ್ಪೋ, ನನ್ನ ಕೆಲ್ಸ ಹೋಗುತ್ತೆ ಕಣ್ರೋ" ಎಂದು ಗೋಗರೆದಿದ್ದನಂತೆ. ಯಾರೋ ಒಳಗಿನ ದೊಡ್ಡ ಫ್ರೀಜರನ್ನು ಮೆಟ್ಟಿಲ ಕಡೆಗೆ ತಳ್ಳಿದರು. ಅದು ಮಗುಚಿ ಅವನ ಬಲಗಾಲಿನ ಮೇಲೆ ಬಿತ್ತು. ಜನ ಅವನನ್ನು ದಾಟಿಕೊಂಡು ಒಳಗೆ ಹೋದರು, ದಾಟಿಕೊಂಡೇ ಹೊರಗೆ ಬಂದರು. ಕೊನೆಗೆ ಫ್ರೀಜರ್ ಎತ್ತಿ ಅವನನ್ನು ಬೆನ್ನ ಮೇಲೆ ಹೊತ್ತು ನನ್ನ ಬಸ್ಸಿಗೆ ತಂದು ಹಾಕಿದವನು ಕಾಸ್ಪರನ ತರಗತಿಯಲ್ಲೇ ಓದಿದವನು. ಅವನಿಗೂ ಕೆಲಸವಿಲ್ಲ, ಅವನದೂ ಇದೇ ಗುಡ್ಡ, ಇದೇ ಜಾಲರಿ. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ನಾನು ಇದನ್ನೇ ಯೋಚಿಸುತ್ತಿದ್ದೆ. ಸೆವೆಸೆಯ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಮರುದಿನ ಸೈನಿಕರು ಬಂದರು, ಪೊಲೀಸರೂ ಬಂದರು. ರೇಡಿಯೋದಲ್ಲಿ ಇಬ್ಬರು ಓದಿದವರು ವಾದಕ್ಕೆ ಕೂತರು. ಒಬ್ಬ, ಊರು ಹೊರಗಿಟ್ಟವರು ಊರಿಗೆ ಬೆಂಕಿ ಇಡುತ್ತಾರೆ, ಇದು ಸಮಾಜದ ತಪ್ಪು ಎಂದ. ಇನ್ನೊಬ್ಬ, ಬಡವರೆಲ್ಲ ಕದಿಯುತ್ತಾರಾ, ಪ್ರತಿಯೊಬ್ಬನಿಗೂ ತನ್ನ ಬುದ್ಧಿ ಇಲ್ಲವೇ ಎಂದ. ಬಸ್ಸಿನಲ್ಲಿ ಅರ್ಧ ಜನ ಮೊದಲನೆಯವನಿಗೆ ತಲೆಯಾಡಿಸಿದರು, ಅರ್ಧ ಜನ ಎರಡನೆಯವನಿಗೆ. ನನಗೋ ಇಬ್ಬರ ಮಾತೂ ಸರಿಯೆನಿಸಿತು, ಅದಕ್ಕೇ ಸಿಟ್ಟು ಬಂದು ರೇಡಿಯೋ ಆರಿಸಿದೆ.

ಆ ಬುಧವಾರ ಸಂಜೆ ಕಾಸ್ಪರ್ ಮನೆಗೆ ಬಂದದ್ದು ಮೀನಿನ ಡಬ್ಬಿಗಳ ಒಂದು ಪೆಟ್ಟಿಗೆಯೊಂದಿಗೆ. ತಗಡಿನ ಗೋಡೆಗೆ ಗುಟ್ಟು ಗೊತ್ತಿಲ್ಲ. ತಾಯಿ ಮಗನ ಮಾತು ನನಗೆ ಪೂರ್ತಿ ಕೇಳಿಸಿತು.

"ಸೆವೆಸೆ ಕಾಲು ಹೋಯ್ತಂತೆ" ಎಂದಳು ಅವಳು.

"ನೂರು ಜನ ಇದ್ರು ಅವ್ವ. ಯಾರು ಏನ್ ಮಾಡಿದ್ರು ಅಂತ ಯಾರಿಗ್ ಗೊತ್ತು?"

"ಆ ಫ್ರೀಜರ್ ತಳ್ಳಿದ್ದು ಎಷ್ಟು ಜನ?"

ಅವಳು ಮತ್ತೆ ಕೇಳಿದಳು.

"ನಾನೇ" ಎಂದ. "ಅದಕ್ಕೆ ಗಾಲಿ ಇತ್ತು ಅವ್ವ, ಹಂಗ್ ಹೋಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಅವನು ಅಲ್ಲಿದ್ದ ಅಂತ ಗೊತ್ತಿತ್ತು. ಸರಿದ್ಕೋತಾನೆ ಅಂದ್ಕೊಂಡೆ."

ಅವಳು ಅತ್ತದ್ದು ಕೇಳಿಸಲಿಲ್ಲ. ಬೆಳಗ್ಗೆ ನೋಡಿದರೆ ಆ ಡಬ್ಬಿಗಳ ಪೆಟ್ಟಿಗೆ ಸೀತೋ ಅಂಗಡಿಯ ಬರಿದಾದ ಮೆಟ್ಟಿಲ ಮೇಲಿತ್ತು. ಅದನ್ನು ಮಧ್ಯಾಹ್ನದೊಳಗೆ ಇನ್ಯಾರೋ ಹೊತ್ತುಕೊಂಡು ಹೋದರು, ಆ ಮಾತು ಬೇರೆ.

ವಾರ ಕಳೆಯುವಷ್ಟರಲ್ಲಿ ಸೆವೆಸೆಯ ಕಡೆಯವರು ಎರಡು ಟ್ರಕ್ಕು ತುಂಬಿ ಬಂದರು. ಗಂಡಸರ ಕೈಯಲ್ಲಿ ಉದ್ದನೆಯ ಕತ್ತಿಗಳು. "ಯಾರು ಮಾಡಿದ್ದು ಅಂತ ಹೆಸರು ಕೊಡಿ. ಇಲ್ಲಾಂದ್ರೆ ಈ ಗುಡ್ಡದಲ್ಲಿ ಸಿಕ್ಕಿದೋನ ಕಾಲು ನಮ್ಮದು" ಎಂದರು. ನಮ್ಮ ಹಿರಿಯ ಬೊಮಾಯ್, ಅಂದರೆ ಸ್ಕೊಲಾಳ ಗಂಡನ ಅಣ್ಣ, ಕೈ ಮೇಲೆತ್ತಿ ಅವರನ್ನು ತಡೆದ. ಮುಂದಿನ ಭಾನುವಾರ ಕೂಡೋಣ, ನಿಮ್ಮ ಹೊಟ್ಟೆ ತಣ್ಣಗೆ ಮಾಡುತ್ತೇವೆ ಎಂದ. ಒಬ್ಬ ತಪ್ಪು ಮಾಡಿದರೆ ಅವನ ಕುಲವೆಲ್ಲ ಸೇರಿ ನೊಂದವರಿಗೆ ಪರಿಹಾರದ ರಾಶಿ ಹಾಕುವುದು ನಮ್ಮ ಪದ್ಧತಿ. ಹಂದಿ, ಅಕ್ಕಿ, ಕಬ್ಬು, ನೋಟು ಎಲ್ಲ ಒಂದೇ ಕಡೆ. ಮಾತಾಡುವವರು ಹಿರಿಯರು, ಮಾಡಿದವನು ಹಿಂದೆ ಎಲ್ಲೋ ತಲೆ ತಗ್ಗಿಸಿ ಕೂತಿರುತ್ತಾನೆ. ಕೊನೆಗೆ ಎರಡೂ ಕಡೆಯವರು ಒಂದೇ ಕಬ್ಬು ಮುರಿದು ಜಗಿದರೆ ಹಗೆ ಮುಗಿಯಿತು. ಈ ಪದ್ಧತಿಯಿಂದ ಎಷ್ಟೋ ಜೀವ ಉಳಿದಿದೆ, ನಾನು ಅದನ್ನು ಹೀಗಳೆಯುವವನಲ್ಲ.

ಬೊಮಾಯ್ ಮನೆಮನೆಗೂ ಬಂದ. ನಾನು ಅಕ್ಕಿ ಕೊಟ್ಟೆ. ಸ್ಕೊಲಾಳ ಬಾಗಿಲಲ್ಲಿ ಅವನ ಕಣ್ಣಿದ್ದದ್ದು ಹಂದಿಯ ಮೇಲೆ. ಗುಡ್ಡದಲ್ಲಿ ಅಷ್ಟು ದೊಡ್ಡ ಹಂದಿ ಇನ್ನೊಂದಿರಲಿಲ್ಲ.

"ಹಂದಿ ರಾಶಿಗೆ ಕೊಡಲ್ಲ ಭಾವ" ಎಂದಳು.

"ಏನಂದೆ?"

"ರಾಶಿಗೆ ಗೆಣಸು ಕೊಡ್ತೀನಿ. ಚೀಲಾನೂ ಕೊಡ್ತೀನಿ. ಹಂದಿ ಬೇರೆ."

ಬೊಮಾಯ್ ನನ್ನ ಕಡೆ ತಿರುಗಿದ. "ನೋಡಿದ್ಯಾ ಕುವಾ? ಊರಿಗೆ ಊರೇ ಕೊಡ್ತಿದೆ, ಇವಳಿಗೆ ಹಂದಿ ಮೇಲೆ ಮೋಹ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಇವಳಿಗೆ ಹಂದಿ ಮುದ್ದು!"

ಸುತ್ತಲಿದ್ದವರು ನಕ್ಕರು. ಅವಳು ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಅವನು ಹೋದ ಮೇಲೆ ಮಗನಿಗೆ ಹೇಳಿದ್ದು ನನಗೆ ಕೇಳಿಸಿತು.

"ಭಾನುವಾರ ನಾನು ಹಂದಿ ಹಗ್ಗ ಹಿಡ್ಕೊಂಡು ನಿಂತಿರ್ತೀನಿ ಕಣೋ. ನಿನ್ನ ಹೆಸರು ನನ್ನ ಬಾಯಿಂದ ಬರಲ್ಲ. ನೀನೇ ಬಂದು ಹಗ್ಗ ತಗೋಬೇಕು."

"ತಲೆ ಕೆಟ್ಟಿದ್ಯಾ ನಿಂಗೆ? ಅಲ್ಲೇ ಕತ್ತರಿಸಿ ಹಾಕ್ತಾರೆ. ಇಲ್ಲಾ ಪೊಲೀಸ್ನೋರು ಎಳ್ಕೊಂಡು ಹೋಗ್ತಾರೆ. ದೊಡ್ಡಪ್ಪ ಎಲ್ಲಾ ಮುಗಿಸ್ತಾರಲ್ಲ! ನೂರು ಜನ ಮಾಡಿದ್ದಕ್ಕೆ ನಾನೊಬ್ಬನೇ ಯಾಕೆ?"

"ಅಂಗಡಿ ನೂರು ಜನದ್ದು. ಕಾಲು ನಿಂದು."

ಭಾನುವಾರಕ್ಕೆ ಉಳಿದಿದ್ದ ಆ ನಾಲ್ಕು ದಿನ ಅವಳು ಅಡಿಕೆ ಮಾರಲು ಹೋಗಲಿಲ್ಲ. ಮಗ ಎಲ್ಲಾದರೂ ತಲೆ ತಪ್ಪಿಸಿಕೊಂಡು ಹೋಗಿಬಿಡುತ್ತಾನೆ ಎಂಬ ಭಯ ಅವಳಿಗೆ. ಹೋಗದೆ ಉಳಿದು ಬಂದು ಹಗ್ಗ ಹಿಡಿದರೆ ಕಣ್ಣೆದುರಿಗೇ ಕಡಿದುಬಿಟ್ಟಾರು ಎಂಬ ಭಯ ಅದಕ್ಕಿಂತ ಹೆಚ್ಚು. ಒಮ್ಮೆ ನಾನೇ ಬಾಳೆಯ ಹಿಂಡಿನ ಆಚೆಯಿಂದ, "ಸ್ಕೊಲಾ, ರಾಶಿಗೆ ಹಾಕಿ ಕೈ ತೊಳ್ಕೊಳಮ್ಮ, ಇರೋನೊಬ್ಬ ಮಗ" ಎಂದೆ. ಅವಳು ಹಂದಿಗೆ ಗೆಣಸಿನ ಸಿಪ್ಪೆ ಸುರಿಯುತ್ತಾ, "ಇರೋನೊಬ್ಬ ಅಂತಾನೇ ಅಣ್ಣ" ಎಂದಳು. ನನಗೆ ಅರ್ಥವಾಗಲಿಲ್ಲ, ಗೊಣಗಿಕೊಂಡು ಒಳಗೆ ಹೋದೆ.

ಭಾನುವಾರ ಪೂಜೆ ಮುಗಿಸಿ ಎಲ್ಲರೂ ಚೆಂಡಾಟದ ಬಯಲಿಗೆ ಬಂದರು. ಒಂದು ಕಡೆ ನಾವು, ಇನ್ನೊಂದು ಕಡೆ ಕೆರೆಮಾದವರು, ನಡುವೆ ರಾಶಿ. ಅಕ್ಕಿ ಮೂಟೆ, ತಂಪು ಪಾನೀಯದ ಪೆಟ್ಟಿಗೆ, ಕಾಲು ಕಟ್ಟಿದ ಹಂದಿಗಳು, ಬಿದಿರ ಗಳಕ್ಕೆ ಸಿಕ್ಕಿಸಿದ ನೋಟುಗಳು, ಕಬ್ಬಿನ ಕಂತೆಗಳು. ಸೆವೆಸೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದರು. ಅರ್ಧ ಕಾಲಿಗೆ ಬಿಳಿ ಬಟ್ಟೆ ಸುತ್ತಿತ್ತು. ಪೊಲೀಸ್ ಸಾರ್ಜೆಂಟ್ ಒಬ್ಬ ಜೀಪಿಗೆ ಒರಗಿ ನಿಂತು ನೋಡುತ್ತಿದ್ದ.

ಬೊಮಾಯ್ ಮಾತು ಶುರು ಮಾಡಿದ. ಮಾತಿನಲ್ಲಿ ಅವನನ್ನು ಮೀರಿಸುವವರಿಲ್ಲ. "ನಮ್ಮ ಹುಡುಗ್ರು ಕೆಟ್ಟೋರಲ್ಲ. ಈ ಗುಡ್ಡಕ್ಕೆ ನಲ್ಲಿ ನೀರಿಲ್ಲ, ಕರೆಂಟಿಲ್ಲ. ಓದಿದ್ರೂ ಕೆಲ್ಸ ಇಲ್ಲ. ಕಾಯೋ ಪೊಲೀಸ್ನೋರೇ ಊರು ಬಿಟ್ಟು ಹೋದ್ರು. ಇದು ಒಬ್ಬನ ಕೈ ಮಾಡಿದ್ದಲ್ಲ, ಕಾಲ ಮಾಡಿದ್ದು. ಅದಕ್ಕೇ ನಾವೆಲ್ಲಾ ಸೇರಿ ತಲೆ ಬಗ್ಗಿಸ್ತಿದ್ದೀವಿ." ಒಂದು ಮಾತೂ ಸುಳ್ಳಲ್ಲ. ಆದರೆ ಗುಂಪಿನಲ್ಲಿ ಗೋವಿಂದ ಎನ್ನುವ ಹಾಗೆ ಎಲ್ಲರೂ ಬಗ್ಗಿಸಿದ ತಲೆಯಲ್ಲಿ ಯಾರ ತಲೆ ಯಾವುದೋ. ಸೆವೆಸೆಯ ಗಂಡುಮಕ್ಕಳು ಕತ್ತಿ ಕೆಳಗಿಡಲಿಲ್ಲ. ಸೆವೆಸೆ ರಾಶಿಯನ್ನು ನೋಡಲೂ ಇಲ್ಲ.

ಆಗ ಸ್ಕೊಲಾ ಹಂದಿಯನ್ನು ಎಳೆದುಕೊಂಡು ಬಯಲಿನ ನಡುವೆ ಬಂದಳು. ಗಂಡಸರ ಮಾತಿನ ನಡುವೆ ಹೆಂಗಸು ಬಂದಳೆಂದು ನಮ್ಮವರಲ್ಲೇ ಗುಸುಗುಸು ಎದ್ದಿತು. "ಕೂತ್ಕೋ ಸ್ಕೊಲಾ!" ಎಂದು ಬೊಮಾಯ್ ಹಲ್ಲು ಕಚ್ಚಿದ.

"ಭಾವ ಹೇಳಿದ್ದು ಎಲ್ಲಾ ನಿಜ" ಎಂದಳು. "ನೀರಿಲ್ದೇ ಇರೋದಕ್ಕೆ, ಕೆಲ್ಸ ಇಲ್ದೇ ಇರೋದಕ್ಕೆ ಆ ರಾಶಿ. ಈ ಹಂದಿ ಅದಕ್ಕಲ್ಲ. ಇದು ಒಂದು ಕೈಗೆ. ಆ ಕೈ ಯಾರ್ದೋ ಅವನೇ ಬಂದು ಇದನ್ನ ಸೆವೆಸೆ ಹತ್ರ ಹೊಡ್ಕೊಂಡು ಹೋಗ್ಲಿ."

ಹಗ್ಗದ ತುದಿಯನ್ನು ಮುಂದೆ ಚಾಚಿ ನಿಂತಳು. ಯಾರ ಮುಖವನ್ನೂ ನೋಡಲಿಲ್ಲ, ನೆಲ ನೋಡುತ್ತಿದ್ದಳು. ಹಂದಿ ಅಕ್ಕಿ ಮೂಟೆಯ ಕಡೆಗೆ ಜಗ್ಗುತ್ತಿತ್ತು. ಆ ಬಿಸಿಲಲ್ಲಿ ಎಷ್ಟು ಹೊತ್ತು ಹಾಗೇ ನಿಂತಿದ್ದಳೋ. ಕಾಸ್ಪರ್ ಹಿಂದಿನ ಮಾವಿನ ಮರದ ಕೆಳಗಿದ್ದಾನೆ ಎಂದು ನನಗೆ ಗೊತ್ತಿತ್ತು. ತಿರುಗಿ ನೋಡಿದರೆ ನಾನೇ ತೋರಿಸಿಕೊಟ್ಟ ಹಾಗಾಗುತ್ತದೆ ಎಂದು ಕತ್ತು ಬಿಗಿಹಿಡಿದು ಕೂತೆ.

"ಯಾಕವ್ವ ನಾನು?" ಎಂಬ ಕೂಗು ಕೇಳಿಸಿತು. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಅವನು ಅಳುತ್ತಾ, ಕಿರುಚುತ್ತಾ ಬರುತ್ತಿದ್ದ. "ನನ್ನ ವಿಳಾಸ ಕೇಳಿ ಪೆನ್ನು ಕೆಳಗಿಟ್ಟೋರು ಯಾವ ಹಂದಿ ತಂದಿದ್ದಾರೆ? ನಮ್ಮಪ್ಪನ್ನ ಗೇಟಲ್ಲೇ ನಿಲ್ಲಿಸಿ ಸಾಯಿಸಿದೋರು ಏನ್ ಕೊಟ್ರು? ನಾಯಿ ಥರ ಜಾಲರಿ ಆಚೆ ನಿಂತಿದ್ದೆ ನಾನು! ಅದಕ್ಕೆ ಯಾರು ಹಗ್ಗ ಹಿಡೀತಾರೆ ಹೇಳು!"

ಸ್ಕೊಲಾ ತಲೆಯೆತ್ತಿದಳು. "ಹೌದು ಮಗ. ಎಲ್ಲಾ ನಿಜ" ಎಂದಳು. "ಈಗ ಹಗ್ಗ ಹಿಡಿ."

ಅವನು ಹಿಡಿದ. ಆ ಹಾಳು ಹಂದಿ ನೆಟ್ಟಗೆ ಹೋಗಬೇಕಲ್ಲ! ರಾಶಿಯ ಕಡೆಗೆ ಎಳೆಯಿತು, ಅವನು ಜಾರಿ ಮಂಡಿಯೂರಿದ. ಕೆರೆಮಾದ ಮಗುವೊಂದು ಕಿಸಕ್ಕನೆ ನಕ್ಕಿತು, ಅದರ ತಾಯಿ ಬಾಯಿ ಮುಚ್ಚಿಸಿದಳು. ಎದ್ದು, ಹಂದಿಯನ್ನು ತೋಳಲ್ಲಿ ತಬ್ಬಿ ತಳ್ಳುತ್ತಾ, ಎರಡೂ ಬದಿಯ ಕತ್ತಿಗಳ ನಡುವೆ ಅವನು ಕುರ್ಚಿಯವರೆಗೆ ಹೋದ.

ಸೆವೆಸೆ ಅವನನ್ನೇ ನೋಡುತ್ತಿದ್ದ. "ನನ್ನ ಹೆಸರೇನು?" ಎಂದು ಕೇಳಿದ.

ಕಾಸ್ಪರ್ ಹಗ್ಗವನ್ನು ಕೈಗೆ ಸುತ್ತಿಕೊಂಡ. ಆ ಹೆಸರನ್ನು ಅವನು ಕೇಳಿದ್ದ, ತನ್ನ ಬಾಯಿಂದ ಒಮ್ಮೆಯೂ ಕರೆದಿರಲಿಲ್ಲ. ಚಿಕ್ಕಂದಿನಿಂದ ಅವನೂ ಅವನ ಜೊತೆಗಾರರೂ ಕರೆಯುತ್ತಿದ್ದದ್ದು "ಏ ವಾಚ್‌ಮನ್" ಎಂದೇ.

"ಸೆವೆಸೆ ಅಂತ. ನಿಮ್ಮವ್ವನ ಕೈ ಗೆಣಸು ತಿಂದೋನು ನಾನು. ನಿಮ್ಮಪ್ಪಾನೂ ವಾಚ್‌ಮನ್ನೇ, ಅವನಿಗೂ ಹೆಸರಿತ್ತು. ಹೇಳು."

"ಸೆವೆಸೆ" ಎಂದ ಕಾಸ್ಪರ್. ಆಮೇಲೆ, "ನಾನು ಕಾಸ್ಪರ್. ತಳ್ಳಿದ್ದು ನಾನು" ಎಂದ.

ಸೆವೆಸೆ ತನ್ನ ಮಗನ ಕೈಯಿಂದ ಕಬ್ಬು ಇಸಿದುಕೊಂಡು ತೊಡೆಯ ಮೇಲಿಟ್ಟು ಮುರಿದ. ಒಂದೇ ಪಾದ ಊರಿ ಬಲ ಹಾಕಿ ಮುರಿಯಲು ಅವನಿಗೆ ಕಷ್ಟವಾಯಿತು. ಯಾರೋ ನೆರವಿಗೆ ಬಂದರೆ ಬೇಡವೆಂದ. ಅರ್ಧ ಕಾಸ್ಪರನ ಕೈಗಿಟ್ಟು, "ಜಗಿ" ಎಂದ. ತನ್ನ ಗಂಡುಮಕ್ಕಳ ಕಡೆ ತಿರುಗಿ, "ಕತ್ತಿ ಗಾಡಿಗೆ ಹಾಕ್ರೋ. ಕಾಲಂತೂ ಬರಲ್ಲ. ನನ್ನ ಹೊಟ್ಟೆ ತಣ್ಣಗಾಯ್ತು" ಎಂದ. ಸ್ಕೊಲಾ ಆಗ ನಿಂತಲ್ಲೇ ಕುಸಿದು ಕೂತು, ಇಗ್ನಾಸ್ ಸತ್ತ ದಿನ ಅತ್ತ ಹಾಗೆ ಅತ್ತಳು.

ಸೋಮವಾರ ಸಾರ್ಜೆಂಟ್ ಬಂದ. ಕಾಸ್ಪರ್ ತಾನೇ ಜೀಪು ಹತ್ತಿದ. ನ್ಯಾಯಾಲಯದಲ್ಲಿ ಸೆವೆಸೆ ಬಂದು ಕಡಿಮೆ ಕೊಡಿ ಎಂದು ಕೇಳಿದ, ಆದರೂ ಮೂರು ವರ್ಷ ಬಿತ್ತು. ಬೊಮಾಯ್ ಇವತ್ತಿಗೂ ಸ್ಕೊಲಾಳ ಜೊತೆ ಮಾತಾಡುವುದಿಲ್ಲ. ರಾಶಿಯೇ ಸಾಕಾಗಿತ್ತು, ಹಿರಿಯರ ಮಾನ ಕಳೆದಳು ಎಂಬುದು ಅವನ ಸಂಕಟ. ನೀರು ತರಲು ಹೋದಲ್ಲಿ ಹೆಂಗಸರು ಅವಳಿಗೆ ಕೇಳಿಸುವ ಹಾಗೆಯೇ, "ನಮಗೆಲ್ಲಾ ಮಕ್ಕಳು ಹುಟ್ಟಿದ್ವು, ಇವಳಿಗೆ ಮಾತ್ರ ಕೈದಿ ಹುಟ್ಟಿದ" ಎನ್ನುತ್ತಾರೆ. ಟೀವಿ ಅಪ್ಪಿಕೊಂಡು ಓಡಿದವನ ಹೆಂಡತಿ ಇದರಲ್ಲಿ ಎಲ್ಲರಿಗಿಂತ ಮುಂದೆ. ಸೀತೋ ಅಂಗಡಿ ಮತ್ತೆ ತೆರೆದಿದ್ದಾನೆ, ಜಾಲರಿ ಮೊದಲಿಗಿಂತ ದಪ್ಪ. ಸ್ಕೊಲಾ ಮತ್ತೆ ಪೆಟ್ಟಿಗೆ ಬೋರಲು ಹಾಕಿ ಕೂರುತ್ತಾಳೆ, ಆದರೆ ಉಗುಳುವವರನ್ನು ಬೈಯುವುದು ಕಡಿಮೆಯಾಗಿದೆ.

ಭಾನುವಾರಗಳಂದು ನಾನೇ ಅವಳನ್ನು ಬೊಮಾನಾ ಜೈಲಿಗೆ ಕರೆದುಕೊಂಡು ಹೋಗುತ್ತೇನೆ. ಹೋದ ವಾರ ದಾರಿಯಲ್ಲಿ ರೇಡಿಯೋದವರು ಮತ್ತೆ ಅದೇ ವಾದ ತೆಗೆದರು, ಸಮಾಜವೋ ಮನುಷ್ಯನೋ ಎಂದು. ನನಗೆ ತಡೆಯಲಾಗಲಿಲ್ಲ.

"ಅಲ್ಲ ಕಣೇ ಸ್ಕೊಲಾ, ಸಂಬಳ ಕಡಿದೋರು ಹೊರಗಿದ್ದಾರೆ. ಕಾವಲು ಬಿಟ್ಟು ಹೋದೋರು ಹೊರಗಿದ್ದಾರೆ. ಪೆನ್ನು ಕೆಳಗಿಟ್ಟೋಳು ಆರಾಮಾಗಿ ಕುರ್ಚೀಲಿ ಕೂತಿದ್ದಾಳೆ. ಒಳಗಿರೋನು ನಿನ್ನ ಮಗ ಒಬ್ಬ. ಇದ್ಯಾವ ನ್ಯಾಯ?"

ಅವಳ ಮಡಿಲಲ್ಲಿ ಮಗನಿಗೆಂದು ತಂದ ಗೆಣಸು ಇನ್ನೂ ಬಿಸಿಯಾಗಿತ್ತು. ಜೈಲಿನ ಗೇಟು ಕಾಣಿಸಿದಾಗ ಎದ್ದು ಅಂಗಿ ಸರಿಮಾಡಿಕೊಂಡು ಹೇಳಿದಳು:

"ನಾನು ನನ್ನ ಮಗನ ಹಗ್ಗ ಹಿಡಿದೆ ಅಣ್ಣ. ಅವರಿಗೂ ಅವ್ವಂದಿರು ಇದ್ದಾರಲ್ಲ, ಎಲ್ಲಿ ಹೋದ್ರು ಅವರೆಲ್ಲಾ?"